ಹಡಗಿನ ತೋಪು, ಕೋಟೆಯ ಕೊತ್ತಳ: ಮೇಜಿನ ಮೇಲಣ ನೌಕಾಯುದ್ಧದಲ್ಲಿ ಪ್ರಹಾರಕ್ಷೇತ್ರ

ಶಬ್ದದ ಅರ್ಥವನ್ನು ಬಲ್ಲವನಿಗೆ ವಸ್ತುವಿನ ಮರ್ಮವೂ ತಿಳಿದಿರುತ್ತದೆಂಬ ಭ್ರಾಂತಿ ನಮ್ಮಂಥ ಪಂಡಿತವರ್ಗದವರಲ್ಲಿ ಬಹುಕಾಲದಿಂದ ಬೇರೂರಿದೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಕೊಪ್ಪಳದ ಕೋಟೆಯನ್ನು ಏರಿದ್ದಾಗ ಒಬ್ಬ ಬಾಲಕನು, "ಗುರುಗಳೇ, ಗೋಡೆಯನ್ನು ನೆಟ್ಟಗೆ ಕಟ್ಟದೆ ಅಲ್ಲಲ್ಲಿ ಹೊಟ್ಟೆಯಂತೆ ಮುಂದಕ್ಕೆ ಏಕೆ ಚಾಚಿದ್ದಾರೆ?" ಎಂದು ಕೇಳಿದನು. "ಅದಕ್ಕೆ ಕೊತ್ತಳವೆಂದು ಹೆಸರು, ಬುರುಜು ಎಂದರೂ ಅದೇ, ಸಂಸ್ಕೃತದಲ್ಲಿ ಅಟ್ಟಾಲಕ" ಎಂದು ನಾನು ಮೂರು ಪರ್ಯಾಯಪದಗಳನ್ನು ಕೊಟ್ಟು ಮುಂದೆ ನಡೆದೆನು. ಹುಡುಗನು ಕೇಳಿದ್ದು ಹೆಸರನ್ನಲ್ಲ, ಕಾರಣವನ್ನು. ಕಾರಣವು ನನಗೆ ತಿಳಿದಿರಲಿಲ್ಲವೆಂಬುದೇ ನಿಜಸ್ಥಿತಿ.

ಆ ಪ್ರಶ್ನೆಗೆ ಉತ್ತರ ದೊರೆತದ್ದು ಕೋಟೆಯಲ್ಲಲ್ಲ, ಒಂದು ಮೇಜಿನ ಮೇಲೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ರಜೆಗೆ ಊರಿಗೆ ಬಂದಾಗ ಪುಟ್ಟಪುಟ್ಟ ಹಾಯಿಹಡಗುಗಳ ಆಟವೊಂದನ್ನು ತಂದಿದ್ದನು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದವಾದ ಹಡಗುಗಳು. ಅವುಗಳ ಕೆಳಗೊಂದು ಹಲಗೆ. ಆ ಹಲಗೆಯ ಎರಡು ಪಕ್ಕಗಳಿಂದ ಬೀಸಣಿಗೆಯಂತೆ ಹೊರಚಾಚಿದ ಗೆರೆಗಳು. ಆ ಗೆರೆಗಳ ನಡುವೆ ಶತ್ರುವಿನ ಹಡಗು ಬಂದರೆ ಮಾತ್ರ ಗುಂಡು ಹಾರಿಸಬಹುದು, ಇಲ್ಲವಾದರೆ ಸುಮ್ಮನಿರಬೇಕು. ಈ ಬೀಸಣಿಗೆಯಾಕಾರದ ಎಡೆಯನ್ನು ಪ್ರಕೃತ ಲೇಖನದಲ್ಲಿ 'ಪ್ರಹಾರಕ್ಷೇತ್ರ'ವೆಂದು ಕರೆಯುತ್ತೇನೆ. ತೋಪು ಎತ್ತ ತಿರುಗಿ ಎಲ್ಲಿಯವರೆಗೆ ಹೊಡೆಯಬಲ್ಲುದೋ ಅದು ಪ್ರಹಾರಕ್ಷೇತ್ರ. ಎತ್ತ ಹೊಡೆಯಲಾರದೋ ಅದು ಅಂಧಕ್ಷೇತ್ರ. ಇವೆರಡನ್ನೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ನಮ್ಮ ಮಕ್ಕಳಿಗೆ ತಿಳಿಯುವಂತೆ ವಿವರಿಸುವುದೇ ಇಲ್ಲಿಯ ಉದ್ದೇಶ.

ಸಮುದ್ರವನ್ನು ಕಾಣದ ನಾಡಿನವರಿಗೆ ಹಡಗಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಕುಷ್ಟಗಿಯಿಂದ ಬಹುದೂರವಲ್ಲದ ಐಹೊಳೆಯ ಮೇಗುತಿ ದೇವಾಲಯದ ಗೋಡೆಯಲ್ಲಿ ರವಿಕೀರ್ತಿಯು ಬರೆದ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಿಕೇಶಿಯು ನೂರಾರು ಹಡಗುಗಳಿಂದ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದೂ ಆ ಹಡಗುಗಳು ಮದಗಜಗಳಂತೆ ತೋರಿದುವೆಂದೂ ಅದರಲ್ಲಿ ವರ್ಣಿಸಲಾಗಿದೆ. ಒಳನಾಡಿನ ಬಾದಾಮಿಯಿಂದ ಆಳಿದ ಅರಸನ ಕೀರ್ತಿಯಲ್ಲಿ ಹಡಗಿಗೆ ಸ್ಥಾನವಿತ್ತೆಂಬುದು ನಮಗೆ ಸಮಾಧಾನದ ಮಾತು. ಇನ್ನು ನೀರಿನ ಅನುಭವವೇ ನಮಗಿಲ್ಲವೆಂದೂ ಹೇಳಲಾಗದು. ಮುನಿರಾಬಾದಿನ ಅಣೆಕಟ್ಟಿನ ಹಿಂದೆ ಹರಡಿರುವ ತುಂಗಭದ್ರೆಯ ಜಲರಾಶಿಯನ್ನು ನಮ್ಮ ಮಕ್ಕಳು ಕಂಡಿದ್ದಾರೆ. ಆನೆಗೊಂದಿಯ ಹರಿಗೋಲನ್ನು ಅನೇಕರು ಏರಿದ್ದಾರೆ.

ಹರಿಗೋಲಿನಿಂದಲೇ ಪ್ರಾರಂಭಿಸೋಣ. ಹರಿಗೋಲು ದುಂಡಗಿನದು. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವವನು ಎತ್ತ ಕುಳಿತರೆ ಅತ್ತ ಮುಂದು. ಹಾಯಿಹಡಗು ಹಾಗಲ್ಲ. ನೀರನ್ನು ಸೀಳಿಕೊಂಡು ಹೋಗಬೇಕಾದ್ದರಿಂದ ಅದು ಉದ್ದವಾಗಿ, ಕಿರಿದಾಗಿ, ಮೂತಿಯಲ್ಲಿ ಚೂಪಾಗಿ ಇರಬೇಕು. ಉದ್ದವಾದ ವಸ್ತುವಿನಲ್ಲಿ ಹೆಚ್ಚು ಸ್ಥಳವಿರುವುದು ಪಕ್ಕಗಳಲ್ಲಿ. ಆದಕಾರಣ ತೋಪುಗಳನ್ನು ಎಡಬಲ ಪಾರ್ಶ್ವಗಳಲ್ಲಿ ಸಾಲುಗಟ್ಟಿ ಇರಿಸಿದರು. ಇಂಗ್ಲೆಂಡಿನಲ್ಲಿ ಈಗಲೂ ರಕ್ಷಿತವಾಗಿರುವ 'ವಿಕ್ಟರಿ' ಎಂಬ ಹಡಗು 1805ರಲ್ಲಿ 104 ತೋಪುಗಳನ್ನು ಹೊತ್ತಿತ್ತು. ಅವುಗಳಲ್ಲಿ ಬಹುಪಾಲು ಎರಡು ಪಾರ್ಶ್ವಗಳಲ್ಲಿಯೇ ಇದ್ದುವು. ಮೂತಿಯ ಕಡೆಗೂ ಬಾಲದ ಕಡೆಗೂ ಹೊಡೆಯಬಲ್ಲವು ಬೆರಳೆಣಿಕೆಯಷ್ಟು ಮಾತ್ರ.

ತೋಪನ್ನು ಬೇಕಾದತ್ತ ತಿರುಗಿಸಬಾರದೇ ಎಂದರೆ, ಹಡಗಿನಲ್ಲಿ ಅದು ಸುಲಭವಲ್ಲ. ತೋಪಿನ ಬಾಯಿ ಹೊರಚಾಚಿರುವುದು ಹಡಗಿನ ದಪ್ಪನೆಯ ಮರದ ಗೋಡೆಯಲ್ಲಿ ಕೊರೆದ ಚಿಕ್ಕ ಗವಾಕ್ಷದ ಮೂಲಕ. 32 ಪೌಂಡು, ಎಂದರೆ ಸುಮಾರು ಹದಿನಾಲ್ಕೂವರೆ ಕಿಲೋಗ್ರಾಂ ತೂಕದ ಗುಂಡನ್ನು ಹಾರಿಸುವ ದೊಡ್ಡ ತೋಪಿನ ಭಾರ ಎರಡೂವರೆ ಟನ್ನಿಗೂ ಮಿಕ್ಕಿತ್ತು. ಗುಂಡು ಹಾರಿದೊಡನೆ ಹಿಂದಕ್ಕೆ ಜಿಗಿಯುವ ಅದನ್ನು ತೋರಹಗ್ಗಗಳಿಂದ ಗೋಡೆಗೆ ಬಿಗಿದಿರುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ತೋಪು, ಅದರಾಚೆಗೆ ಮತ್ತೊಂದು. ಆದ್ದರಿಂದ ಆಳುಗಳು ಸನ್ನೆಗೋಲು ಹಾಕಿ ಮೀಟಿದರೂ ಅದು ಅತ್ತಿತ್ತ ಸ್ವಲ್ಪ ಮಾತ್ರ ಹೊರಳುತ್ತಿತ್ತು. ಹಡಗಿನ ತೋಪನ್ನು ಗುರಿಯತ್ತ ತಿರುಗಿಸಬೇಕಾದರೆ ಹಡಗನ್ನೇ ತಿರುಗಿಸಬೇಕು. ಹಾಯಿಹಡಗಿನ ಯುದ್ಧದ ಸಕಲ ತಂತ್ರವೂ ಈ ಒಂದು ವಾಕ್ಯದಲ್ಲಿ ಅಡಗಿದೆ.

ಕೋಟೆಯ ತೋಪಿನ ಸ್ಥಿತಿ ಇದಕ್ಕೆ ವಿಪರೀತವಾದದ್ದು. ವಿಜಯಪುರದ ಉಪರಿ ಬುರುಜನ್ನು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. 1584ರಲ್ಲಿ ಕಟ್ಟಿದ ಆ ಬುರುಜು ಸುಮಾರು 80 ಅಡಿ ಎತ್ತರವಿದೆ. ಅದರ ನೆತ್ತಿಯ ಮೇಲೆ ಸುಮಾರು 30 ಅಡಿ ಉದ್ದದ ಫಿರಂಗಿಯಿದೆ. ಅಲ್ಲಿ ಫಿರಂಗಿಯನ್ನು ನಡುಗೂಟದ ಮೇಲೆ ತಿರುಗಿಸುವ ಏರ್ಪಾಡಿತ್ತು. ಬುರುಜು ಕದಲುವುದಿಲ್ಲ, ಆದರೆ ಫಿರಂಗಿ ತಿರುಗುತ್ತದೆ. ಹಡಗು ಕದಲುತ್ತದೆ, ಆದರೆ ಅದರ ತೋಪು ತಿರುಗುವುದಿಲ್ಲ. ಒಂದಕ್ಕೆ ದಿಕ್ಕುಗಳ ಸ್ವಾತಂತ್ರ್ಯ, ಇನ್ನೊಂದಕ್ಕೆ ಗಮನದ ಸ್ವಾತಂತ್ರ್ಯ.

ಚದುರಂಗವನ್ನು ಬಲ್ಲ ಬಾಲಕರಿಗೆ ಇನ್ನೊಂದು ದೃಷ್ಟಾಂತವನ್ನು ಕೊಡಬಹುದು. ಆನೆಯು ನೆಟ್ಟಗೆ ನಡೆಯುತ್ತದೆ, ನೆಟ್ಟಗೆಯೇ ಹೊಡೆಯುತ್ತದೆ. ಒಂಟೆಯು ಓರೆಯಾಗಿ ನಡೆದು ಓರೆಯಾಗಿಯೇ ಹೊಡೆಯುತ್ತದೆ. ಕಾಲಾಳು ಮಾತ್ರ ಮುಂದಕ್ಕೆ ನಡೆದರೂ ಹೊಡೆಯುವುದು ಓರೆಯ ಮನೆಗೆ. ನಡೆಯುವ ದಾರಿ ಬೇರೆ, ಹೊಡೆಯುವ ದಾರಿ ಬೇರೆ. ಹಾಯಿಹಡಗೂ ಹಾಗೆಯೇ: ಅದು ಸಾಗುವುದು ಮುಂದಕ್ಕೆ, ಹೊಡೆಯುವುದು ಪಕ್ಕಕ್ಕೆ. ವಂಗದೇಶದವರು ನಮ್ಮ ಆನೆಯ ಕಾಯಿಯನ್ನು ಇಂದಿಗೂ 'ನೌಕೆ' ಎಂದೇ ಕರೆಯುತ್ತಾರೆ. ಆದರೆ ನಡೆಯ ದೃಷ್ಟಿಯಿಂದ ನೌಕೆಯ ಹೆಸರು ಕಾಲಾಳಿಗೇ ಹೆಚ್ಚು ಒಪ್ಪುತ್ತಿತ್ತು.

ಮೇಜಿನ ಮೇಲೆ ಹಡಗುಗಳನ್ನಿಟ್ಟು ಯುದ್ಧವನ್ನು ಅರಿಯುವ ಪದ್ಧತಿ ಇಂದು ನಿನ್ನೆಯದಲ್ಲ. ಸ್ಕಾಟ್ಲೆಂಡಿನ ಜಾನ್ ಕ್ಲರ್ಕ್ ಎಂಬಾತನು ನೌಕಾಪಡೆಯಲ್ಲಿ ಸೇವೆ ಮಾಡಿದವನಲ್ಲ, ವ್ಯಾಪಾರದಿಂದ ಬದುಕಿದವನು. ಆತನು ಪುಟ್ಟ ಮಾದರಿಗಳನ್ನು ಮೇಜಿನ ಮೇಲೆ ಸರಿಸಿ ಸರಿಸಿ ಆಲೋಚಿಸಿ, 1782ರಲ್ಲಿ ನೌಕಾತಂತ್ರವನ್ನು ಕುರಿತ ಪ್ರಬಂಧವನ್ನು ಮುದ್ರಿಸಿದನು. ಇಂಗ್ಲೆಂಡಿನ ಫ್ರೆಡ್ ಜೇನ್ ಎಂಬವನು 1898ರಲ್ಲಿ ತನ್ನ ಕಾಲದ ಉಕ್ಕಿನ ಹಡಗುಗಳಿಗಾಗಿ ನೌಕಾಯುದ್ಧದ ಆಟವೊಂದನ್ನು ಪ್ರಕಟಿಸಿದನು. ಹಾಯಿಹಡಗುಗಳ ಕಾಲದ ಆಟಗಳು ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಬಹಳವಾಗಿ ಹಬ್ಬಿದುವು. 2013ರಲ್ಲಿ ಹೊರಬಂದ 'ಸೇಲ್ಸ್ ಆಫ್ ಗ್ಲೋರಿ' ಎಂಬ ಆಟದಲ್ಲಿ ಹಡಗುಗಳು ನಿಜಗಾತ್ರದ ಸಾವಿರದ ಒಂದು ಪಾಲಿನವು. ಪ್ರಹಾರಕ್ಷೇತ್ರದ ಗೆರೆಗಳನ್ನು ಅವುಗಳ ಪೀಠದ ಮೇಲೆಯೇ ಅಚ್ಚು ಮಾಡಲಾಗಿದೆ.

ಇಷ್ಟು ಹಣವನ್ನು ತೆರದೆಯೂ ನಮ್ಮ ಶಾಲೆಯ ಮಕ್ಕಳು ಇದನ್ನು ಅರಿಯಬಹುದು. ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಸರಿಯನ್ನು ಲೇಪಿಸಿ, ಬಣ್ಣ ಬರೆಯುವ ಕಿನ್ನಾಳದ ಚಿತ್ರಗಾರರ ನೆರೆಯಲ್ಲಿರುವ ನಮಗೆ ಗೊಂಬೆಯ ಕೊರತೆಯೇ? ಅದೂ ಇಲ್ಲವಾದರೆ ಸೀಮೆಸುಣ್ಣದ ತುಂಡೇ ಸಾಕು. ನೆಲದ ಮೇಲೆ ಎರಡು ಅಂಗುಲ ಉದ್ದದ ಹಡಗನ್ನು ಬರೆಯಿರಿ. ಮೂತಿಯಿಂದ ಬಾಲದವರೆಗೆ ಒಂದು ನಡುಗೆರೆಯನ್ನು ಎಳೆಯಿರಿ. ಬಳಿಕ ದಪ್ಪ ಕಾಗದದಲ್ಲಿ ಪ್ರತಿ ಬದಿಯೂ 10 ಅಂಗುಲವಿರುವ ಸಮಬಾಹು ತ್ರಿಭುಜವನ್ನು ಕತ್ತರಿಸಿರಿ. ಅದರ ಒಂದು ತುದಿಯನ್ನು ಹಡಗಿನ ನಡುವಿಗೆ ತಾಗಿಸಿ, ತ್ರಿಭುಜದ ಮಧ್ಯರೇಖೆಯು ನಡುಗೆರೆಗೆ ಲಂಬವಾಗುವಂತೆ ಪಕ್ಕಕ್ಕೆ ಇಡಿರಿ. ಇದೇ ಆ ಪಾರ್ಶ್ವದ ಪ್ರಹಾರಕ್ಷೇತ್ರ. ನಿಜವಾದ ಹಡಗುಗಳಲ್ಲಿ ಈ ಕೋನವು ತೋಪಿನಿಂದ ತೋಪಿಗೆ ಬೇರೆಯಾಗುತ್ತಿತ್ತು. ಆಟಗಳಲ್ಲಿಯೂ ಒಬ್ಬೊಬ್ಬರದು ಒಂದೊಂದು ಕ್ರಮ. ನಮ್ಮ ವಿವರಣೆಗೆ 60 ಡಿಗ್ರಿ ಎಂದು ಇಟ್ಟುಕೊಂಡರೆ ಗಣಿತವು ಸುಲಭವಾಗುತ್ತದೆ.

ಈಗ ಎಣಿಸಿರಿ. ಎಡಕ್ಕೆ 60, ಬಲಕ್ಕೆ 60, ಒಟ್ಟು 120 ಡಿಗ್ರಿ. ಸುತ್ತಲಿನ 360 ಡಿಗ್ರಿಗಳಲ್ಲಿ ಉಳಿದ 240 ಡಿಗ್ರಿ ಅಂಧಕ್ಷೇತ್ರ: ಮುಂದೆ 120, ಹಿಂದೆ 120. ನೂರು ತೋಪುಗಳ ಮಹಾನೌಕೆಯು ಕೂಡ ತನ್ನ ಸುತ್ತಣ ಮೂರರಲ್ಲಿ ಎರಡು ಪಾಲಿನ ಕಡೆಗೆ ಹೆಚ್ಚುಕಡಿಮೆ ನಿರಾಯುಧವಾದುದು! ನೇರ ಮುಂದೆ ಕಾಣುವ ಶತ್ರುವನ್ನು ಹೊಡೆಯಬೇಕಾದರೆ ಹಡಗು ಕನಿಷ್ಠ 60 ಡಿಗ್ರಿಯಷ್ಟು ಹೊರಳಬೇಕು. ಹೊರಳಲು ಗಾಳಿ ಬೇಕು, ಹೊತ್ತು ಬೇಕು. ಅಷ್ಟರಲ್ಲಿ ಶತ್ರುವೂ ಸರಿದಿರುತ್ತಾನೆ. ಇನ್ನೊಂದು ವಿಷಯ: ಸಮಬಾಹು ತ್ರಿಭುಜವಾದ್ದರಿಂದ ಎಷ್ಟು ದೂರವೋ ಅಷ್ಟೇ ಅಗಲ. ಎರಡು ಅಂಗುಲ ದೂರದಲ್ಲಿ ಕ್ಷೇತ್ರದ ಅಗಲ ಎರಡೇ ಅಂಗುಲ. ಹತ್ತು ಅಂಗುಲ ದೂರದಲ್ಲಿ ಹತ್ತು. ಆದ್ದರಿಂದ ದೂರದಲ್ಲಿರುವವನು ಕ್ಷೇತ್ರದೊಳಗೆ ಸಿಕ್ಕುವುದು ಸುಲಭ, ಆದರೆ ಗುಂಡು ತಾಗುವುದು ಕಷ್ಟ. ಹತ್ತಿರದವನಿಗೆ ಗುಂಡು ತಾಗುವುದು ಸುಲಭ, ಆದರೆ ಅವನು ಕ್ಷೇತ್ರದಿಂದ ನುಣುಚಿಕೊಳ್ಳುವುದೂ ಸುಲಭ.

ಗಾಳಿಯ ಮಾತನ್ನೂ ಸೇರಿಸಬೇಕು. ಅಡ್ಡಹಾಯಿಗಳ ದೊಡ್ಡ ಹಡಗು ಗಾಳಿಗೆ ಎದುರಾಗಿ ನೆಟ್ಟಗೆ ಸಾಗಲಾರದು. ನಾವಿಕರು ದಿಕ್ಚಕ್ರವನ್ನು 32 ಪಾಲು ಮಾಡುತ್ತಾರೆ. ಒಂದು ಪಾಲೆಂದರೆ ಹನ್ನೊಂದೂಕಾಲು ಡಿಗ್ರಿ. ಗಾಳಿ ಬರುವ ದಿಕ್ಕಿಗೆ ಸುಮಾರು ಆರು ಪಾಲಿಗಿಂತ ಹತ್ತಿರವಾಗಿ ಅಂಥ ಹಡಗು ಹೋಗಲಾರದು. ಎಂದಮೇಲೆ ಹಡಗನ್ನು ತಿರುಗಿಸಿ ತೋಪನ್ನು ಗುರಿಗೆ ತರುವ ಸ್ವಾತಂತ್ರ್ಯವೂ ಪೂರ್ಣವಲ್ಲ. ಅದೂ ಗಾಳಿಯ ಅಧೀನ. ಆಟದಲ್ಲಿ ಮೇಜಿನ ಒಂದು ಅಂಚಿಗೆ ಬಾಣದ ಗುರುತನ್ನಿಟ್ಟು ಗಾಳಿಯ ದಿಕ್ಕನ್ನು ಸೂಚಿಸುತ್ತಾರೆ. ಅನೇಕ ಆಟಗಳಲ್ಲಿ ಇಬ್ಬರೂ ತಮ್ಮ ಮುಂದಿನ ನಡೆಯನ್ನು ಮೊದಲೇ ಗುಪ್ತವಾಗಿ ಗೊತ್ತುಮಾಡಿ, ಅನಂತರ ಒಮ್ಮೆಲೇ ಹಡಗುಗಳನ್ನು ಸರಿಸುತ್ತಾರೆ. ಶತ್ರುವು ಈಗ ಎಲ್ಲಿದ್ದಾನೆಂಬುದಕ್ಕಿಂತ ಮುಂದೆ ಎಲ್ಲಿರುವನೆಂಬ ಊಹೆಯೇ ಇಲ್ಲಿ ಮುಖ್ಯ.

ಅಂಧಕ್ಷೇತ್ರದ ಅಪಾಯವು ಪೂರ್ಣವಾಗಿ ಗೋಚರಿಸುವುದು 'ದೀರ್ಘಪ್ರಹಾರ'ದಲ್ಲಿ. ಒಂದು ಹಡಗು ಇನ್ನೊಂದರ ಬಾಲದ ಅಥವಾ ಮೂತಿಯ ಮುಂದೆ ಅಡ್ಡಲಾಗಿ ಹಾಯ್ದು ತನ್ನ ಪಾರ್ಶ್ವದ ತೋಪುಗಳನ್ನೆಲ್ಲ ಹಾರಿಸಿದರೆ ಗುಂಡುಗಳು ಎದುರು ಹಡಗಿನ ಉದ್ದಕ್ಕೂ ತೂರಿಹೋಗುತ್ತವೆ. 'ವಿಕ್ಟರಿ'ಯ ತೋಪಿನಂಗಳದ ಉದ್ದ 186 ಅಡಿ, ಹಡಗಿನ ಅಗಲ ಸುಮಾರು 52 ಅಡಿ. ಅಡ್ಡಲಾಗಿ ಬಂದ ಗುಂಡು 52 ಅಡಿಯಲ್ಲಿ ಹೊರಬಿದ್ದರೆ ಉದ್ದಕ್ಕೆ ಬಂದದ್ದು ಅದರ ಮೂರೂವರೆ ಪಟ್ಟು ದೂರ ತೋಪುಗಳ ಸಾಲನ್ನೂ ಆಳುಗಳ ಸಾಲನ್ನೂ ಕಂಡುಕೊಂಡು ಹೋಗುತ್ತದೆ. ಹೊಡೆಸಿಕೊಂಡ ಹಡಗು ಪ್ರತಿಯಾಗಿ ಹೊಡೆಯಲಾರದು. ಹೊಡೆದವನು ಅದರ ಅಂಧಕ್ಷೇತ್ರದಲ್ಲಿದ್ದಾನೆ. ಆದ್ದರಿಂದಲೇ ಆಟದ ನಿಯಮಗಳು ಇಂಥ ಪ್ರಹಾರಕ್ಕೆ ಹೆಚ್ಚಿನ ಹಾನಿಯನ್ನು ವಿಧಿಸುತ್ತವೆ.

1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಭೂಶಿರದ ಬಳಿ ನಡೆದ ಯುದ್ಧದಲ್ಲಿ ನೆಲ್ಸನ್ನನ 27 ಹಡಗುಗಳು ಎರಡು ಸಾಲಾಗಿ ಫ್ರೆಂಚ್ ಮತ್ತು ಸ್ಪೇನ್ ದೇಶಗಳ 33 ಹಡಗುಗಳ ಸಾಲಿಗೆ ಮೂತಿಯೊಡ್ಡಿ ಬಂದುವು. ಎಂದರೆ ಶತ್ರುವಿನ ಪ್ರಹಾರಕ್ಷೇತ್ರದೊಳಕ್ಕೆ ತಮ್ಮ ಅಂಧಕ್ಷೇತ್ರವನ್ನು ಮುಂದುಮಾಡಿಕೊಂಡು ಬಂದುವು. ಗಾಳಿ ಮಂದವಾಗಿದ್ದ ಆ ದಿನ ಮುಂದಾಳಾದ 'ವಿಕ್ಟರಿ'ಯು ಪಾರ್ಶ್ವದ ತೋಪುಗಳಿಂದ ಉತ್ತರ ಕೊಡಲಾರದೆ ಬಹಳ ಹೊತ್ತು ಹೊಡೆತವನ್ನು ಸಹಿಸಿತು. ಅದರ ಚುಕ್ಕಾಣಿಯ ಚಕ್ರವೇ ಒಡೆದುಹೋಯಿತು. ಕೊನೆಗೆ ಸಾಲನ್ನು ಭೇದಿಸಿ 'ಬ್ಯೂಸೆಂಟೋರ್' ಎಂಬ ಹಡಗಿನ ಬಾಲದ ಹಿಂದೆ ಹಾಯ್ದಾಗ ಸ್ಥಿತಿ ತಲೆಕೆಳಗಾಯಿತು. ದೀರ್ಘಪ್ರಹಾರಕ್ಕೆ ಸಿಕ್ಕಿದ ಆ ಹಡಗು ಮತ್ತೆ ಚೇತರಿಸಿಕೊಳ್ಳಲಿಲ್ಲ. ಗೆದ್ದ ನೆಲ್ಸನ್ನನೂ ಅಂದೇ ಗುಂಡೇಟಿನಿಂದ ಮಡಿದನು.

ನಮ್ಮ ನಾಡಿನ ಚರಿತ್ರೆಗೆ ಹತ್ತಿರವಾದ ನಿದರ್ಶನವೂ ಉಂಟು. ಹೈದರಾಲಿಯು ಕರಾವಳಿಯಲ್ಲಿ ಕಟ್ಟಿಸಿದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಇಂಗ್ಲಿಷರ ನೌಕಾಧಿಪತಿ ಹ್ಯೂಸನು ಮಂಗಳೂರಿನ ರೇವಿನಲ್ಲಿಯೇ ಹಾಳುಮಾಡಿದನು. ಲಂಗರು ಹಾಕಿ ನಿಂತ ಹಡಗು ತಿರುಗಲಾರದು. ತಿರುಗಲಾರದ ಹಡಗಿನ ತೋಪು ಎತ್ತ ನೋಡುತ್ತಿದೆಯೋ ಅತ್ತಲೇ ನೋಡುತ್ತಿರಬೇಕು. ಮುಂದೆ ಹೈದರನ ಮಿತ್ರರಾಗಿ ಬಂದ ಫ್ರೆಂಚರ ನೌಕಾಧಿಪತಿ ಸಫ್ರೆನ್ನನು 1782ರ ಫೆಬ್ರುವರಿ 17ರಂದು ಸದರಾಸಿನ ಬಳಿ ಇದೇ ಹ್ಯೂಸನ ಸಾಲಿನ ಹಿಂಭಾಗದ ಹಡಗುಗಳ ಮೇಲೆಯೇ ಬಿದ್ದನು. ಮುಂದಿನ ಹಡಗುಗಳು ಗಾಳಿಯ ಪ್ರತಿಕೂಲದಿಂದ ಹಿಂದಿರುಗಿ ಬರಲಾರದೆ ಹೋದುವು. ಅವುಗಳಲ್ಲಿ ತೋಪುಗಳಿದ್ದುವು, ಮದ್ದುಗುಂಡುಗಳಿದ್ದುವು, ಆಳುಗಳಿದ್ದರು. ಆದರೆ ಕಾದಾಟವು ಅವುಗಳ ಪ್ರಹಾರಕ್ಷೇತ್ರದಲ್ಲಿರಲಿಲ್ಲ. ಅದೇ ವರ್ಷದ ಜುಲೈಯಲ್ಲಿ ಕಡಲೂರಿನಲ್ಲಿ ಹೈದರನೂ ಸಫ್ರೆನ್ನನೂ ಪರಸ್ಪರ ಭೇಟಿಯಾದರು. 1796ರಲ್ಲಿ ಟಿಪ್ಪು ಸುಲ್ತಾನನು ದೊಡ್ಡ ನೌಕಾಪಡೆಯೊಂದನ್ನು ಕಟ್ಟುವ ಯೋಜನೆಯನ್ನು ಹಾಕಿದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಅದೂ ಮುಗಿಯಿತು.

ಇಷ್ಟೊಂದು ಅಂಧಕ್ಷೇತ್ರವನ್ನು ಹೊತ್ತ ಹಡಗುಗಳು ಹೇಗೆ ಬದುಕಿಕೊಂಡುವು? ಇದಕ್ಕೆ ನಾವಿಕರು ಕಂಡುಕೊಂಡ ಉಪಾಯವೇ ಸಾಲು. ಒಂದರ ಹಿಂದೊಂದು ಹಡಗನ್ನು ನಿಲ್ಲಿಸಿದರೆ ಪ್ರತಿಯೊಂದರ ಪಾರ್ಶ್ವವೂ ಶತ್ರುವಿನ ಕಡೆಗಿರುತ್ತದೆ. ಪ್ರತಿಯೊಂದರ ಮೂತಿ ಮುಂದಿನವನ ಆಶ್ರಯದಲ್ಲಿ, ಬಾಲ ಹಿಂದಿನವನ ಆಶ್ರಯದಲ್ಲಿ ಇರುತ್ತದೆ. ನನ್ನ ಬಾಲಕ್ಕೆ ಬರುವವನು ಹಿಂದಿನವನ ಪ್ರಹಾರಕ್ಷೇತ್ರವನ್ನು ದಾಟಿ ಬರಬೇಕು. ತನ್ನ ಅಂಧಕ್ಷೇತ್ರವನ್ನು ತಾನೇ ಕಾಯಲಾರದವನು ನೆರೆಯವನದನ್ನು ಕಾಯುತ್ತಾನೆ. ಅವನದನ್ನು ನೆರೆಯವನು ಕಾಯುತ್ತಾನೆ.

ಕಾಗದದ ತ್ರಿಭುಜವನ್ನು ಕೈಯಲ್ಲಿ ಹಿಡಿದು ಈ ಸಾಲನ್ನು ನೋಡುತ್ತಿದ್ದಾಗ ಆ ಬಾಲಕನ ಪ್ರಶ್ನೆಗೆ ಉತ್ತರ ಹೊಳೆಯಿತು. ಕೋಟೆಯ ಗೋಡೆಯು ನೆಟ್ಟಗೆ ಇದ್ದರೆ ಅದರ ಮೇಲಿನವನು ದೂರದವರನ್ನು ಹೊಡೆಯಬಲ್ಲನು. ಗೋಡೆಯ ಬುಡಕ್ಕೆ ಬಂದು ಅಂಟಿಕೊಂಡವನನ್ನು ಹೊಡೆಯಲಾರನು, ಬಗ್ಗಿ ನೋಡಿದರೆ ತಾನೇ ಗುರಿಯಾಗುತ್ತಾನೆ. ಗೋಡೆಯ ಬುಡವೇ ಕೋಟೆಯ ಅಂಧಕ್ಷೇತ್ರ. ಕೊತ್ತಳವನ್ನು ಮುಂದಕ್ಕೆ ಚಾಚಿದರೆ ಅದರ ಪಕ್ಕದಿಂದ ಗೋಡೆಯ ಬುಡದುದ್ದಕ್ಕೂ ಗುಂಡು ಹಾರಿಸಬಹುದು. ಈ ಕೊತ್ತಳದ ಬುಡವನ್ನು ಆಚೆಯ ಕೊತ್ತಳವು ಕಾಯುತ್ತದೆ, ಅದರ ಬುಡವನ್ನು ಇದು ಕಾಯುತ್ತದೆ. ಹೊಟ್ಟೆಯಂತೆ ಚಾಚಿದ್ದು ಅಲಂಕಾರಕ್ಕಲ್ಲ, ನೆರೆಯವನನ್ನು ಕಾಯುವುದಕ್ಕೆ.

ಕೊಪ್ಪಳದ ಕೋಟೆಯನ್ನು ಟಿಪ್ಪುವು 1786ರಲ್ಲಿ ಪಾಳೆಯಗಾರನಿಂದ ಪಡೆದು ಫ್ರೆಂಚ್ ಶಿಲ್ಪಜ್ಞರ ನೆರವಿನಿಂದ ಬಲಪಡಿಸಿದನು. 1790ರ ಕೊನೆಯಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೈನ್ಯಗಳು ಅದನ್ನು ಮುತ್ತಿ ಸುಮಾರು ಆರು ತಿಂಗಳು ಹೆಣಗಿದುವು. 1791ರ ಮಾರ್ಚ್ 21ರಂದು ಬೆಂಗಳೂರು ಬಿದ್ದಿತು. ಕೊಪ್ಪಳವು ಶರಣಾದದ್ದು ಮರುತಿಂಗಳಲ್ಲಿ. ತಾನು ಹಿಂದೂಸ್ಥಾನದಲ್ಲಿ ಕಂಡ ಸ್ಥಳಗಳಲ್ಲೆಲ್ಲ ಇದೇ ಅತ್ಯಂತ ಬಲವಾದುದೆಂದು ಜಾನ್ ಮ್ಯಾಲ್ಕಮ್ಮನು ವರ್ಣಿಸಿದನು. 1858ರಲ್ಲಿ ಮುಂಡರಗಿ ಭೀಮರಾಯನು ಇದೇ ಕೋಟೆಯನ್ನು ಹಿಡಿದು ಇಂಗ್ಲಿಷರೊಡನೆ ಹೋರಾಡಿ ಇಲ್ಲಿಯೇ ಪ್ರಾಣವನ್ನು ಒಪ್ಪಿಸಿದನು. ಈ ಕಥೆಗಳನ್ನು ನಾವು ವರ್ಷವರ್ಷವೂ ಹೇಳುತ್ತೇವೆ. ಕಲ್ಲುಗಳು ಏಕೆ ಹಾಗೆ ನಿಂತಿವೆಯೆಂಬುದನ್ನು ಹೇಳುವುದಿಲ್ಲ. ಕಾರಣ ತಿಳಿಯದವನಿಗೆ ಕೊತ್ತಳವು ಕಲ್ಲಿನ ಗುಡ್ಡೆಯಾಗಿ ಮಾತ್ರ ಕಾಣುತ್ತದೆ. ಕೊತ್ತಳವೊಂದು ಅಳಿದರೆ ಅದರೊಡನೆ ಎರಡು ಪಕ್ಕದ ಗೋಡೆಗಳ ಅರ್ಥವೂ ಅಳಿಯುತ್ತದೆ ಎಂಬುದು ಮಕ್ಕಳಿಗೆ ತಿಳಿದರೆ ಒಂದು ಕಲ್ಲನ್ನು ಕದಲಿಸುವ ಮೊದಲು ಅವರ ಕೈ ತಡೆದೀತು.

ಶ್ರೀಮಠದ ಆಶ್ರಯದಲ್ಲಿ ದಯೆಯ ಪಾಠವನ್ನು ಕೇಳುವ ಮಕ್ಕಳಿಗೆ ಯುದ್ಧದ ಆಟವೇಕೆಂದು ಹಿರಿಯರು ಆಕ್ಷೇಪಿಸಬಹುದು. ಆಕ್ಷೇಪಣೆಯು ನ್ಯಾಯವಾದುದೇ. ಆಟದಲ್ಲಿ ದೀರ್ಘಪ್ರಹಾರವೆಂದರೆ ಒಂದು ಅಂಕೆಯ ಹೆಚ್ಚಳ. ಹಡಗಿನಲ್ಲಿ ಅದು ತೋಪಿನ ಬಳಿ ನಿಂತ ಬಡವರ ಮಕ್ಕಳ ಮರಣ. ಅದನ್ನು ಮರೆಸುವ ಆಟ ನಮಗೆ ಬೇಡ. ಮಕ್ಕಳು ತ್ರಿಭುಜವನ್ನು ಇಡುವಾಗ ಉಪಾಧ್ಯಾಯರು ಈ ಮಾತನ್ನೂ ಹೇಳಲೇಬೇಕು. ಆದರೆ ಆ ಕಾಗದದ ತುಂಡಿನಲ್ಲಿ ಒಂದು ಧರ್ಮವೂ ಇದೆ. 'ತಾಗಿತು', 'ತಾಗಲಿಲ್ಲ' ಎಂದು ಇಬ್ಬರು ಬಾಲಕರು ಜಗಳಾಡುವಾಗ ಕೂಗು ಜೋರಾದವನು ಗೆಲ್ಲುವುದಿಲ್ಲ. ಅಳತೆಯನ್ನು ಇಬ್ಬರೂ ಮೊದಲೇ ಒಪ್ಪಿದ್ದಾರೆ. ತ್ರಿಭುಜವನ್ನು ಇಟ್ಟು ನೋಡುತ್ತಾರೆ. ಅದು ಹೇಳಿದ್ದಕ್ಕೆ ಇಬ್ಬರೂ ತಲೆಬಾಗುತ್ತಾರೆ. ಕೋಪವಿಲ್ಲದೆ ಅಳತೆಗೆ ಒಳಪಡುವುದನ್ನು ಕಲಿಸುವ ಸಾಧನವು ಪಾಠಶಾಲೆಗೆ ಹೊರತಾದುದಲ್ಲ.

ಅಂದು ಕೋಟೆಯ ಮೇಲೆ ಪ್ರಶ್ನೆ ಕೇಳಿದ ಬಾಲಕನು ಶಾಲೆಯನ್ನು ಬಿಟ್ಟು ಹೋಗಿ ಬಹಳ ದಿನಗಳಾದುವು. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಈ ಸಂಚಿಕೆಯ ಮೂಲಕ ಒಪ್ಪಿಸಿದ್ದೇನೆ. ಅದು ಅವನ ಕೈಸೇರಲಿ. ಮುಂದೆ ಅಂಥ ಪ್ರಶ್ನೆಯನ್ನು ಕೇಳುವ ಮಕ್ಕಳಿಗೆ ಮೂರು ಪರ್ಯಾಯಪದಗಳ ಬದಲು ಒಂದು ಕಾಗದದ ತ್ರಿಭುಜವು ದೊರೆಯಲಿ.